ನವಿಲಿನ ಕೊರಳು ನೇಯ್ದ ಕೈ

"ಕ್ಲಿಕ್..."

ಮುಸರತ್‌ಳ ಕೈ ನೂಲಿನ ನಡುವೆಯೇ ನಿಂತುಬಿಟ್ಟಿತು.

ಮನೆಯಲ್ಲಿ ಬೇರೆ ಯಾರೂ ಎಚ್ಚರವಿರಲಿಲ್ಲ. ಅಜ್ಜಿ ಜುಲೇಖಾಬಿ ಮಧ್ಯಾಹ್ನದ ನಮಾಜು ಮುಗಿಸಿ ಒಳಗೆ ಮಲಗಿದ್ದರು. ಅಣ್ಣನ ಹೆಂಡತಿ ತಬಸುಮ್ ಕೂಸನ್ನು ತಟ್ಟುತ್ತ ತಾನೂ ಕಣ್ಣು ಮುಚ್ಚಿದ್ದಳು. ಹಾಗಾದರೆ ಈ ಸದ್ದು ಎಲ್ಲಿಂದ?

ಕಿಟಕಿಯ ಸರಳಿಗೆ ಯಾರೋ ಒಂದು ಮೊಬೈಲು ಕಟ್ಟಿದ್ದರು. ಅದರ ಕಣ್ಣು ನೇರ ಮಗ್ಗದ ಮೇಲಿತ್ತು. ಅಂದರೆ... ತನ್ನ ಮೇಲೆ!

ಎದ್ದು ಓಡಿ ಅದನ್ನು ಬಿಚ್ಚಲು ಹೋದಳು.

"ಮುಟ್ಟಬ್ಯಾಡ್ರಿ! ಸ್ವಲ್ಪ ಅಲ್ಲಾಡಿದ್ರೂ ಎಲ್ಲಾ ಕೆಡತೈತಿ!"

ಓಣಿಯ ಕಡೆಯಿಂದ, ಸರಳುಗಳಾಚೆ ಒಬ್ಬ ತರುಣ ಏದುಸಿರು ಬಿಡುತ್ತ ನಿಂತಿದ್ದ.

"ಕೆಡಲಿ! ಹೆಂಗಸರು ಕೂಡೋ ಜಾಗಾದಾಗ ಕ್ಯಾಮೆರಾ ಇಟ್ಟು ಹೋಗೀರಿ, ನಾಚಿಕಿ ಆಗೂದಿಲ್ಲೇನ್ರಿ?"

"ನಿಮ್ಮ ದಾದಿಮಾ ಜುಲೇಖಾಬಿನ ಇಡಾಕ ಹೇಳ್ಯಾರ್ರಿ. ಮುಂಜಾನೆ ನೀವು ಸಂತಿಗೆ ಹೋಗಿದ್ರಂತ. ನಾನು ಹಾರೂನ್, ಯಮನೂರಾಂವ. ಹೈಸ್ಕೂಲಿನಾಗ ವಿಜ್ಞಾನ ಕಲಸ್ತೀನಿ. ಊಟದ ಬಿಡುವಿನಾಗ ಫೋನ್ ನೋಡಿ ಹೋಗಾಕ ಓಡಿ ಬಂದೆ."

ಐದು ನಿಮಿಷಕ್ಕೊಂದು ಫೋಟೋ. ನಲವತ್ತು ದಿನದ ಕೆಲಸ ಎರಡು ನಿಮಿಷದಲ್ಲಿ ಕಣ್ಣಮುಂದೆ ಓಡುತ್ತದೆ. ಜೋಳ ಮೊಳಕೆಯೊಡೆಯುವುದನ್ನೂ ಕಡಲೆ ಹೂ ಬಿಡುವುದನ್ನೂ ಅವನು ಮಕ್ಕಳಿಗೆ ಹೀಗೆಯೇ ತೋರಿಸಿದ್ದನಂತೆ. ಜಮಖಾನ ಬೆಳೆಯುವುದನ್ನೂ ಹಾಗೆ ಹಿಡಿಯುತ್ತೇನೆಂದಾಗ ಜುಲೇಖಾಬಿ ಒಪ್ಪಿದ್ದರು.

ಮುಸರತ್ ಬಿಳುಚಿದಳು.

ಆ ಮನೆಯಲ್ಲಿ ಮಗ್ಗದ ವಿದ್ಯೆ ಸೊಸೆಯರಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಕಲಿಸಿದರೆ ಅದು ಅವರ ಜೊತೆ ಬೇರೆ ಮನೆಗೆ ಹೋಗುತ್ತದೆ ಎಂದು ಮೂರು ತಲೆಮಾರಿನಿಂದ ಯಾರೂ ಕಲಿಸಿರಲಿಲ್ಲ. ಮುಸರತ್ ನೂಲು ಸುತ್ತುತ್ತ, ಚಹಾ ಕೊಡುತ್ತ, ನೋಡಿ ನೋಡಿಯೇ ಕಲಿತಿದ್ದಳು. ಮಧ್ಯಾಹ್ನದ ಆ ಒಂದು ತಾಸು ಮಾತ್ರ ಅವಳದು. ಅಜ್ಜಿಗೆ ಗೊತ್ತಾದರೆ ಅದೂ ಹೋಗುತ್ತದೆ... ಮಗ್ಗದ ಕೋಣೆಯ ಬಾಗಿಲೇ ಮುಚ್ಚುತ್ತದೆ!

"ಸರ್..." ಅವಳ ದನಿ ಇಳಿಯಿತು. "ಇದರಾಗ ನಾ ಬಂದೀನೇನ್ರಿ? ನಾ ಮಗ್ಗದ ಮುಂದ ಕೂಡೂದು ದಾದಿಮಾಗ ಗೊತ್ತಿಲ್ಲ."

ಹಾರೂನ್ ಅವಳ ಮುಖ ನೋಡಿದ, ನಂತರ ಮಗ್ಗ ನೋಡಿದ.

"ಫೋಟೋ ನಾ ಒಬ್ಬಾಂವ ನೋಡ್ತೀನಿ. ನನ್ನ ಕಡಿಂದ ಯಾರಿಗೂ ತಿಳಿಯಂಗಿಲ್ಲ. ನೀವು ಕುಂದರ್ರಿ."

ಅಷ್ಟೇ ಹೇಳಿ ಹೊರಟುಹೋದ.

ಅವಳು ಕುಳಿತಳು. ಮರುದಿನವೂ ಕುಳಿತಳು.

ಹಾರೂನ್ ಬೆಳಿಗ್ಗೆ ಶಾಲೆಗೆ ಹೋಗುವಾಗ ಸರಳಿನ ಮೇಲಿನ ಗುರುತಿಗೆ ಸರಿಯಾಗಿ ಮೊಬೈಲು ಕಟ್ಟಿ, ಸಂಜೆ ಬಿಚ್ಚಿಕೊಂಡು ಹೋಗುತ್ತಿದ್ದ. ಜುಲೇಖಾಬಿ ಕೊಟ್ಟ ಚಹಾ ಕುಡಿದು ಕಪ್ಪನ್ನು ತಾನೇ ತೊಳೆದಿಡುತ್ತಿದ್ದ. ಒಂದು ದಿನ ಕಿಟಕಿಗೆ ಹಳೆಯ ಪಂಚೆ ಇಳಿಬಿಟ್ಟಿದ್ದು ಕಂಡು ತಬಸುಮ್ ಕೇಳಿದಳು.

"ಇದ್ಯಾಕ್ರಿ ಮಾಸ್ತರ?"

"ಮಧ್ಯಾಹ್ನ ಬಿಸಿಲು ಕಣ್ಣಾಗ ಹೊಡೀತೈತ್ರಿ..."

"ಯಾರ ಕಣ್ಣಾಗ?"

"...ಕ್ಯಾಮೆರಾದ ಕಣ್ಣಾಗ."

ತಬಸುಮ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತಾನು ಬಿಟ್ಟಲ್ಲಿಂದ ಜಮಖಾನ ದಿನಾ ಎರಡು ಬೆರಳು ಹೆಚ್ಚು ಬೆಳೆದಿರುವುದು ಅವಳಿಗೆ ಕಾಣದೆ ಇರುತ್ತದೆಯೇ? ಅದರ ಬಗ್ಗೆ ಅವಳು ಒಂದು ಮಾತೂ ಆಡಿರಲಿಲ್ಲ. ಊಟಕ್ಕೆ ಕುಳಿತಾಗ ಮುಸರತ್‌ಳ ತಾಟಿಗೆ ಒಂದು ರೊಟ್ಟಿ ಹೆಚ್ಚು ಹಾಕುತ್ತಿದ್ದಳು, ಅಷ್ಟೇ.

ಮುಸರತ್ ಒಂದು ದಿನ ಹಸಿರು ಬಳೆ ತೊಟ್ಟಳು. ಯಾಕೆಂದು ತನ್ನನ್ನೇ ಕೇಳಿಕೊಳ್ಳಲಿಲ್ಲ. ಮರುದಿನ ಹಾರೂನ್ ಮೊಬೈಲು ಕಟ್ಟುತ್ತ ತಿರುಗಿಯೂ ನೋಡದೆ ಅಂದ, "ಹಸಿರು ಬಳಿ... ನೂಲಿನ ಬಣ್ಣಕ್ಕ ಭಾಳ ಒಪ್ಪತಾವ."

ಅವಳ ಕಿವಿ ಬಿಸಿಯಾಯಿತು. ಓ... ಪ್ರತಿ ರಾತ್ರಿ ನನ್ನ ಕೈಗಳನ್ನು ಇವನು ಒಂದೊಂದಾಗಿ ನೋಡುತ್ತಾನೆ!

ಜುಲೇಖಾಬಿ ಮೂವತ್ತನೆಯ ದಿನ ಮಗ್ಗದ ಮುಂದೆ ಬಗ್ಗಿ ನಿಂತರು. ನವಿಲಿನ ಕೊರಳಿನ ಮೇಲೆ ಬೆರಳಾಡಿಸಿದರು.

"ತಬಸುಮ್, ಈ ಕೊರಳ ನಾ ನೇಯ್ದಿದ್ದಕ್ಕಿಂತ ಚಲೋ ಆಗೇತಿ ಬೇ."

ತಬಸುಮ್ ತಲೆ ತಗ್ಗಿಸಿದಳು. ಮುಸರತ್ ನೂಲಿನ ಉಂಡೆ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಆ ಕೊರಳು ಅವಳದಾಗಿತ್ತು.

ನಲವತ್ತು ದಿನ ಮುಗಿದವು. ಜಮಖಾನ ಮಗ್ಗದಿಂದ ಇಳಿಯಿತು. ವಾರದ ಮೇಲೆ ಒಂದು ಸಂಜೆ ಎಲ್ಲರೂ ಪಡಸಾಲೆಯಲ್ಲಿ ಹಾರೂನ್‌ನ ಸುತ್ತ ಕುಳಿತರು.

ಬರಿಯ ಬಿಳಿ ನೂಲು... ಕೆಂಪು ಅಂಚು... ತಬಸುಮ್‌ಳ ಕೈಗಳು ಹಕ್ಕಿಯ ಹಾಗೆ ಹಾರಾಡುತ್ತಿದ್ದವು. ಗಿಳಿಗಳು ಎದ್ದವು, ನವಿಲಿನ ಕಾಲು ಮೂಡಿತು. "ಯಾ ಅಲ್ಲಾ!" ಎಂದು ಜುಲೇಖಾಬಿ ಉದ್ಗರಿಸಿದರು.

ಮುಸರತ್ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಒಂದು ಹಸಿರು ಬಳೆ ಕಂಡರೂ ಸಾಕು...

ಕಾಣಲಿಲ್ಲ. ನವಿಲಿನ ಕೊರಳು ಯಾರ ಕೈಯೂ ಇಲ್ಲದೆ ಟಣ್ಣನೆ ಜಿಗಿದು ನಿಂತಿತು.

"ಇಲ್ಲಿ ಯಾಕ ಹಾರಿತು?" ಜುಲೇಖಾಬಿ ಕೇಳಿದರು.

"ಫೋನಿನ ಚಾರ್ಜ್ ಹೋಗಿತ್ರಿ, ದಾದಿಮಾ."

ಮುಸರತ್‌ಗೆ ಸಮಾಧಾನವಾಗಬೇಕಿತ್ತು. ಆದರೆ ಎದೆಯಲ್ಲಿ ಏನೋ ಮುರಿಯಿತು. ನಲವತ್ತು ದಿನ... ಒಂದು ಚಿತ್ರದಲ್ಲೂ ನಾನಿಲ್ಲ! ಎದ್ದು ಅಂಗಳಕ್ಕೆ ಬಂದಳು. ಹಾರೂನ್ ಹಿಂದೆಯೇ ಬಂದ.

"ನನ್ನ ಕೈ ಎಲ್ಲಿ ಅದಾವ್ರಿ?"

"ತಗದು ಬ್ಯಾರೆ ಇಟ್ಟೀನಿ. ನಿಮಗ ತ್ರಾಸ ಆಗಬಾರದು ಅಂತ..."

"ನನ್ನ ಕೇಳಿದ್ರಿ?"



"ಇಲ್ರಿ. ಕೇಳಬೇಕಾಗಿತ್ತು. ನಂದ ತಪ್ಪು."

"ಇಷ್ಟು ವರ್ಷ ಈ ಮನಿ ನನ್ನ ಕೈ ಮುಚ್ಚಿಟ್ಟಿತು. ನೀವೂ ಅದನ್ನ ಮಾಡಿದ್ರಿ. ನಿಮ್ಮ ಮನಸಿನಾಗ ಪ್ರೀತಿ ಇತ್ತು ಅಂತ ಗೊತ್ತೈತಿ... ಆದ್ರೂ ಅದನ್ನ ಮಾಡಿದ್ರಿ!"

ಮಾತು ಆಡಿದ ಮೇಲೆ ಏನಂದೆನೆಂದು ಅವಳಿಗೇ ಹೊಳೆಯಿತು.

"ಎರಡೂ ವೀಡಿಯೋ ಅದಾವ," ಅವನು ಮೆಲ್ಲಗೆ ಅಂದ. "ಹಾಕ್ಲೇನ್ರಿ?"

ಅವಳು ಸೆರಗು ಸರಿಮಾಡಿಕೊಂಡಳು. ಮಗ್ಗ ಕೈತಪ್ಪಿದರೂ ಸರಿ, ಸುಳ್ಳಿನಲ್ಲಿ ಉಳಿಯುವುದು ಬೇಡ.

"ಹಾಕ್ರಿ. ಎಲ್ಲಾರ ಮುಂದ."

ಈ ಸಲ ಹಸಿರು ಬಳೆಯ ಕೈಗಳು ಬಂದವು. ಮಧ್ಯಾಹ್ನದ ಹಳದಿ ಬೆಳಕಿನಲ್ಲಿ ನವಿಲು ಎಳೆ ಎಳೆಯಾಗಿ ರೆಕ್ಕೆ ಬಿಚ್ಚಿತು, ಕೊರಳೆತ್ತಿತು.

"ಮತ್ತೊಮ್ಮೆ ಹಚ್ಚ್ರಿ," ಅಂದರು ಜುಲೇಖಾಬಿ.

ನೋಡಿದರು. ಮೂರನೆಯ ಸಲವೂ ನೋಡಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿದರು.

"ನಾಳೆ ನೀ ಲಗ್ನ ಆಗಿ ಹೋಕ್ಕಿ. ನಮ್ಮ ವಿದ್ಯಾನೂ ನಿನ್ನ ಸಂಗಾಟ ಹೋಕ್ಕೈತಿ. ಅದಕ್ಕೇನ ಹೇಳ್ತಿ?"

"ಹೋಗಲಿ ದಾದಿಮಾ. ನೀವು ಸೊಸಿಯಾಗಿ ಬಂದಾಗ ಈ ಓಣಿಯಾಗ ಮನಿಗೊಂದು ಮಗ್ಗ ಇತ್ತು ಅಂತೀರಿ. ಈಗ ಉಳದಿದ್ದು ಮೂರು. ಬಾಗಿಲಾ ಹಾಕ್ಕೊಂಡು ಕುಂತ್ರ ಇದು ಯಾರ ಮನಿಗೂ ಹೋಗಂಗಿಲ್ಲ, ಈ ಮನಿಯಾಗೂ ಉಳಿಯಂಗಿಲ್ಲ. ಸಿಟ್ಟಾಗ್ರಿ, ಬಯ್ರಿ... ಆದ್ರ ಆ ಕೊರಳ ನಂದು."

ತಬಸುಮ್ ಸದ್ದಿಲ್ಲದೆ ಬಂದು ನಾದಿನಿಯ ಬಾಜು ಕುಳಿತಳು.

ಜುಲೇಖಾಬಿ ಜಮಖಾನದ ತುದಿ ಎಳೆದುಕೊಂಡು ಬಹಳ ಹೊತ್ತು ನೋಡಿದರು.

"ಕೊರಳ ಚಲೋ ಐತಿ. ರೆಕ್ಕಿ ಕೆಟ್ಟೈತಿ. ಎಲ್ಲಿ ಬಣ್ಣಾ ತಿರಗಸಬೇಕು ಅಂತ ಯಾರು ಹೇಳಿಕೊಟ್ರು ನಿನಗ?"

"ಯಾರೂ ಹೇಳಿಕೊಟ್ಟಿಲ್ಲ, ದಾದಿಮಾ."

"ಅದಕ್ಕ ಕೆಟ್ಟೈತಿ! ನಾಳೆ ಹೊಸ ನೂಲು ಕಟ್ಟೂಣು. ಮುಂಜಾನೆ ನಮಾಜು ಆದ ಕೂಡ್ಲೆ ಬಂದು ಮಗ್ಗದ ಮುಂದ ಕೂಡು. ರೆಕ್ಕಿ ನಾ ಕಲಸ್ತೀನಿ." ಆಮೇಲೆ ಹಾರೂನ್ ಕಡೆ ಬೆರಳು ತೋರಿಸಿದರು. "ಮತ್ತ ಮಾಸ್ತರ... ಚಾರ್ಜ್ ಹೋಗಿತ್ತಂತ! ಸಾಲಿ ಕಲಸಾವರು ಹಿಂಗ ಸುಳ್ಳ ಹೇಳತಾರೇನ್ರಿ?"

ತಬಸುಮ್ ಗೊಳ್ಳನೆ ನಕ್ಕಳು. ಮುಸರತ್ ಅಜ್ಜಿಯ ಮೊಣಕಾಲಿಗೆ ಮುಖವಿಟ್ಟು ಅತ್ತಳು, ನಕ್ಕಳು.

ಹೊರಡುವಾಗ ಹಾರೂನ್ ಬಾಗಿಲಲ್ಲಿ ಚಪ್ಪಲಿ ಹುಡುಕುವ ನೆಪದಲ್ಲಿ ನಿಂತ.

"ನಿಮ್ಮ ಕೈ ತಗದ ಮ್ಯಾಲೆ ಆ ವೀಡಿಯೋ ನನಗ ನೋಡಾಕ ಆಗಲಿಲ್ರಿ. ಮೂರು ದಿನ ಮುಟ್ಟಲಿಲ್ಲ. ಆವಾಗ ತಿಳೀತು..."

"ಏನು ತಿಳೀತು? ಪೂರ್ತಿ ಹೇಳ್ರಿ."

"ನೀವಿಲ್ಲದ ನನಗೇನೂ ಪೂರ್ತಿ ಅನಸಂಗಿಲ್ಲ ಅಂತ. ನೀವಂದ್ರ ನನಗ ಜೀವ, ಮುಸರತ್."

ಅವಳ ಕಣ್ಣು ತುಂಬಿತು. ಆದರೂ ದನಿ ಗಟ್ಟಿಯಾಗಿತ್ತು.

"ಯಮನೂರಾಗ ನಿಮ್ಮ ಪಡಸಾಲಿ ಎಷ್ಟು ಎತ್ತರ ಐತ್ರಿ?"

"ಪಡಸಾಲಿ?" ಅವನು ಕಣ್ಣು ಬಿಟ್ಟ. ಮಗ್ಗ ನಿಲ್ಲಿಸಲು ಎತ್ತರ ಬೇಕೆಂದು ಹೊಳೆದಾಗ ಮುಖವೆಲ್ಲ ಅರಳಿತು. "ಇವತ್ತ ಅಳದು ಹೇಳ್ತೀನ್ರಿ!"

"ನೀವು ಅಳೀಬ್ಯಾಡ್ರಿ. ನಾನ ಬಂದು ಅಳೀತೀನಿ."

"ಯಾವಾಗ ಬರ್ತೀರಿ?"

"ನಿಮ್ಮ ಅಮ್ಮಿ ಬಂದು ಕರದಾಗ."