ಇನ್ನೊಂದು ಸಾಲು ಸೇರಿಸಿ

“ಏನ್ರೀ ಇದು, ಪಟ್ಟಿ ತುಂಬಾ ಕೆಂಪು ಬಳಿದಿದ್ದೀರಿ! ನಾನೇನು ಹಗಲುಗಳ್ಳನಾ?”

ಹಲ್ಲಿನ ಡಾಕ್ಟರ್ ಕಂಪ್ಯೂಟರಿನತ್ತ ಕೈ ತೋರಿಸಿ ಗುಡುಗಿದ. ಲೆಕ್ಕದ ಕೆಲಸಕ್ಕೆ ಆಗಷ್ಟೇ ಸೇರಿದ್ದ ಅವಳು ಬೆಚ್ಚಿದಳು. ಆದರೂ ಬಗ್ಗಲಿಲ್ಲ.

“ಸರ್, ಈ ಕಡೆ ನಿಮ್ಮ ಫೀಸು, ಆ ಕಡೆ ಸರ್ಕಾರ ಗೊತ್ತು ಮಾಡಿರೋ ಹೊಸ ದರ. ನಿಮ್ದು ಜಾಸ್ತಿ ಇದ್ರೆ ಎಕ್ಸೆಲ್ ತಾನೇ ಕೆಂಪು ಮಾಡುತ್ತೆ. ನನ್ಮೇಲೆ ಯಾಕೆ ರೇಗ್ತೀರಿ?”

ಅವನು ಕುರ್ಚಿ ಎಳೆದು ಕೂತ. ರೂಟ್ ಕೆನಾಲ್, ಹಲ್ಲು ಕೀಳುವುದು, ಹುಳುಕು ತುಂಬುವುದು… ಹೆಚ್ಚಿದ್ದದ್ದನ್ನೆಲ್ಲ ಒಂದೊಂದಾಗಿ ಇಳಿಸಿದ. ಆಮೇಲೆ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ನಕ್ಕ.

ಆ ನಗುವಿಗೆ ಅವಳು ಮನಸೋತಳು ಅಂತ ಬಿಡಿಸಿ ಹೇಳಬೇಕೇ?

ಆದರೆ ಕೆಲಸ ಆ ಪಟ್ಟಿ ಮುಗಿಯುವ ತನಕ ಮಾತ್ರ. ಆಮೇಲೆ ಅವಳ್ಯಾರೋ, ಅವನ್ಯಾರೋ! ಪಕ್ಕದ ಕೋಣೆಯಲ್ಲಿ ಅವನ ದನಿ ಕೇಳಿದರೆ ಅವಳ ಕೈ ಕೀಬೋರ್ಡಿನ ಮೇಲೇ ನಿಂತುಬಿಡುತ್ತಿತ್ತು. ‘ಒಂದು ಸಲ ಇತ್ತ ಬಂದು ಹೋಗಬಾರದೇ…’ ಎಂದು ಜೀವ ಹಂಬಲಿಸುತ್ತಿತ್ತು.

ಬರುತ್ತಿದ್ದ. ಬಂದು, “ಇನ್ನೊಂದು ಸಾಲು ಸೇರಿಸಿ,” ಅನ್ನುತ್ತಿದ್ದ. ಪಟ್ಟಿ ಮುಗಿಯಿತು ಅಂದಾಗಲೆಲ್ಲ ಅದೇ ಮಾತು. ‘ನನ್ನ ಕೆಲಸದ ಮೇಲೆ ಇವರಿಗೆ ನಂಬಿಕೆಯೇ ಇಲ್ಲ…’ ಅವಳ ಕಣ್ಣು ತುಂಬುತ್ತಿತ್ತು. ಪ್ರೀತಿ ಹಾಳಾಗಲಿ, ಒಂದು ಒಳ್ಳೆಯ ಮಾತೂ ಇಲ್ಲವೇ?

ಕೊನೆಗೆ ರೋಸಿಹೋಯಿತು.

“ನಾಳೆಯಿಂದ ನಾನು ಬರಲ್ಲ ಸರ್.”

ಅವನು ಗಾಬರಿಯಿಂದ ಸರ್ಕಾರದ ಪಟ್ಟಿಯನ್ನು ತಡಕಾಡಿದ. “ಇರಿ, ಇರಿ! ಇನ್ನೊಂದು ಉಳಿದಿದೆ… ಹೆರಿಗೆ! ಹೆರಿಗೆ ದರ ಸೇರಿಸಿ!”

ಕೌಂಟರಿನಲ್ಲಿದ್ದ ಅವನಕ್ಕ ಹಣೆ ಚಚ್ಚಿಕೊಂಡಳು. “ಲೋ ಪೆದ್ದೇ! ಹಲ್ಲಿನ ಕ್ಲಿನಿಕ್ಕಿಗೆ ಯಾವಳೋ ಹೆರೋಕೆ ಬರ್ತಾಳೆ? ಹೋಗ್ಬೇಡ ಅಂತ ಹೇಳೋಕೆ ಇಷ್ಟು ಸರ್ಕಸ್ಸಾ?” ಎಂದವಳೇ ಬಾಗಿಲೆಳೆದುಕೊಂಡು ಹೊರಟಳು.

ಇಬ್ಬರೂ ನೆಲ ನೋಡುತ್ತ ನಿಂತರು.

“ನನ್ನ ಕೆಲಸ ಸರಿಯಿಲ್ಲ ಅಂದ್ಕೊಂಡಿದ್ದೆ…”

“ಮೊದಲ ವಾರವೇ ಸರಿ ಇತ್ತು ರೀ. ಮುಗೀತು ಅಂದ್ರೆ ನೀವು ಹೋಗ್ತೀರಲ್ಲ…”

“ದಿನವಿಡೀ ಊರೋರ ಬಾಯಿ ತೆಗೆಸ್ತೀರಿ. ನಿಮ್ಮ ಬಾಯಿಗೇನಾಗಿತ್ತು?”

“ಸಂಬಳ ಕೊಡೋನು ನಾನು. ಕೇಳಿದ್ರೆ, ಇಷ್ಟ ಇಲ್ಲದಿದ್ರೂ ಇಲ್ಲ ಅನ್ನೋಕೆ ನಿಮಗೆ ಕಷ್ಟ ಆಗುತ್ತೇನೋ ಅಂತ… ಹೆದರಿದೆ.”

ಅವಳು ಮೆಲ್ಲಗೆ ತಿರುಗಿ ಕಂಪ್ಯೂಟರ್ ಆರಿಸಿದಳು.

“ಕೆಲಸ ಮುಗೀತು. ಈಗ ನಾನು ನಿಮ್ಮ ಕೈಕೆಳಗಿನವಳಲ್ಲ. ಈಗ ಕೇಳಿ.”

“ಹೋಗ್ಬೇಡಿ…” ಅವನು ಅವಳ ಕೈ ಹಿಡಿದ. “ನನ್ನ ಜೊತೆ ಇದ್ಬಿಡಿ.”

“ಹೂಂ…”

ಅಷ್ಟು ದಿನ ತಡೆದಿದ್ದ ಅಳು ಆಗ ಉಕ್ಕಿ ಬಂತು.

“ಅಯ್ಯೋ, ಯಾಕ್ರೀ ಅಳ್ತೀರಿ? ನೋವಾಯ್ತಾ?”

“ಸುಮ್ನಿರಿ ನೀವು,” ಅಂದಳು, ಅವನ ಕೈ ಬಿಡದೆ.