ಹೆಬ್ಬೆಟ್ಟು ಬೀಳದ ಪೈಪು

ಷಟರ್ ಎತ್ತಿದಾಗ ಎಂಜಿನ್ ಇನ್ನೂ ಓಡುತ್ತಿತ್ತಂತೆ. ಮೊದಲು ಹೊಗೆ ಹೊರಗೆ ಬಂತು. ಆಮೇಲೆ ಬಿಳಿ ಕಾರು ಕಾಣಿಸಿತು. ಡ್ರೈವರ್ ಸೀಟಿನಲ್ಲಿ ಪೈಪಣ್ಣ ಕೂತಿದ್ದ. ಮೈ ತಣ್ಣಗಾಗಿತ್ತು.

ನಾನು ಹೋಗುವ ಹೊತ್ತಿಗೆ ಯಾರೋ ಎಂಜಿನ್ ಆರಿಸಿದ್ದರು. ಷೆಡ್ಡಿನ ಮುಂದೆ ಐದಾರು ಕಾರುಗಳು, ಒಂದಕ್ಕಿಂತ ಒಂದು ಹೊಳಪು. ಅವುಗಳ ಯಜಮಾನರು ಅಳುತ್ತಿರಲಿಲ್ಲ. ವಾದ ಮಾಡುತ್ತಿದ್ದರು.

“ಸಣ್ಣ ಎಂಜಿನ್‌ಗೆ ದಪ್ಪ ಪೈಪು ಹಾಕಿದ್ರೆ ಹೊಗೆಯ ವೇಗ ಬಿದ್ದೋಗುತ್ತೆ. ಎಳೆಯೋ ಶಕ್ತಿನೇ ಇರಲ್ಲ. ಪೈಪಣ್ಣ ಬಡ್ಕೊಳ್ತಿದ್ದದ್ದು ಅದನ್ನೇ.”

“ಹೊಗೆ ಸಲೀಸಾಗಿ ಹೊರಗೆ ಹೋದ್ರೆ ಎಂಜಿನ್ ಹಗುರ ಆಗುತ್ತೆ. ಇದರಲ್ಲಿ ವಾದ ಏನಿದೆ?”

“ಆಗೋದು ಸದ್ದು. ನೀನು ಅದನ್ನೇ ಶಕ್ತಿ ಅಂದ್ಕೊಂಡಿದೀಯ.”

ನನ್ನನ್ನು ಕಂಡು ಸುಮ್ಮನಾದರು. ನನಗೆ ಸಿಟ್ಟು ಬರಲಿಲ್ಲ. ಹೋದ ತಿಂಗಳು ನನ್ನ ಅಪ್ಪ ತೀರಿಕೊಂಡ ಮೇಲೆ ನನಗೆ ಸಿಟ್ಟೂ ಬರುವುದಿಲ್ಲ, ಅಳುವೂ ಬರುವುದಿಲ್ಲ. ರಜೆ ಕೊಡುತ್ತೇವೆ ಎಂದರೂ ಬೇಡ ಎಂದು ಠಾಣೆಗೆ ಬಂದು ಕೂತವಳು ನಾನು. ಹೆಣದ ಮುಂದೆ ಏನು ಮಾಡಬೇಕೆಂದು ತೋಚದವರು ತಮಗೆ ಗೊತ್ತಿರುವುದನ್ನೇ ಮಾಡುತ್ತಾರೆ. ಇವರಿಗೆ ಗೊತ್ತಿದ್ದದ್ದು ಪೈಪು.

ವಿಷಯ ಇಷ್ಟು. ಪೈಪಣ್ಣ ಈ ಷೆಡ್ಡಿನಲ್ಲಿ ಕಾರುಗಳಿಗೆ ಕೈಯಾರೆ ಸೈಲೆನ್ಸರ್ ಪೈಪು ಮಾಡಿ ಕೊಡುತ್ತಿದ್ದ. ಅದೇ ಷೆಡ್ಡಿನ ಮುಂಭಾಗದಲ್ಲಿ ಅವನ ಬಾಮೈದ ರೆಡಿಮೇಡ್ ದಪ್ಪ ಪೈಪುಗಳನ್ನು ಮಾರುತ್ತಿದ್ದ. ಯಾವುದರಿಂದ ಎಂಜಿನ್‌ಗೆ ಹೆಚ್ಚು ಬಲ ಬರುತ್ತದೆ ಎಂದು ಕಾರು ಹುಚ್ಚಿನ ಈ ಬಳಗ ಸದಾ ಕಿತ್ತಾಡುತ್ತಿತ್ತು. ಕೊನೆಗೆ ಎರಡು ಕಾರುಗಳನ್ನು ಬಲ ಅಳೆಯುವ ಯಂತ್ರದ ಮೇಲೆ ಓಡಿಸಿ ನೋಡುವುದು ಎಂದು ತೀರ್ಮಾನವಾಯಿತು. ಹಲ್ಲಿನ ಡಾಕ್ಟರರ ಬಿಳಿ ಕಾರಿಗೆ ಪೈಪಣ್ಣನ ಹೊಸ ಪೈಪು. ಇನ್ನೊಬ್ಬನ ಕಪ್ಪು ಕಾರಿಗೆ ಬಾಮೈದನ ದಪ್ಪ ಪೈಪು. ಆ ಇನ್ನೊಬ್ಬನನ್ನು ಎಲ್ಲರೂ ಗುಡುಗು ಎಂದೇ ಕರೆಯುತ್ತಿದ್ದರು. ಪರೀಕ್ಷೆ ಇವತ್ತು ಬೆಳಗ್ಗೆ ನಡೆಯಬೇಕಿತ್ತು.

ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನವನನ್ನು ಕೇಳಿದೆ. “ಎಂಜಿನ್ ಸದ್ದು ಕೇಳಿಸ್ಲಿಲ್ವಾ?”

“ನಿನ್ನೆ ಸಂಜೆಯಿಂದಲೇ ಷಟರ್ ಎಳೆದಿತ್ತು. ಪೈಪಣ್ಣನ ಪೈಪು ಸದ್ದು ಮಾಡಲ್ಲ ಮೇಡಂ. ಅದೇ ಅವನ ಹೆಚ್ಚುಗಾರಿಕೆ.”

ಕಾನ್‌ಸ್ಟೇಬಲ್ ನನ್ನ ಕಿವಿಯ ಹತ್ತಿರ ಬಂದ. “ತಾನಾಗೇ ಮಾಡ್ಕೊಂಡಿರೋದು ಮೇಡಂ. ಮನೇಲಿ ಜಗಳ ಆಗಿತ್ತಂತೆ. ಬರೆದು ಮುಗಿಸಿಬಿಡೋಣ.”

ಮುಗಿಸಬಹುದಿತ್ತು. ಆದರೆ ಮನೆಗೆ ಹೋಗಿ ಹೇಳುವ ಕೆಲಸ ಬಾಕಿ ಇತ್ತು.

* * *

ಪೈಪಣ್ಣನ ಹೆಂಡತಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದರು. ಸುದ್ದಿ ಆಗಲೇ ತಲುಪಿತ್ತು. ಕಣ್ಣು ಒಣಗಿತ್ತು.

“ನಿನ್ನೆ ಮಧ್ಯಾಹ್ನ ಊಟಕ್ಕೆ ಬಂದಾಗ ಜಗಳ ಆಯ್ತು,” ಎಂದರು. “ನನ್ನ ತಮ್ಮನ ವ್ಯಾಪಾರ ನಿಲ್ಲಿಸ್ತೀನಿ ಅಂದ್ರು. ಯಾಕೆ ಅಂದೆ. ನಾಳೆ ಎಲ್ಲರ ಮುಂದೆ ಹೇಳ್ತೀನಿ ಅಂದ್ರು. ನಂಗೆ ತಲೆ ಕೆಟ್ಟೋಯ್ತು. ಆ ಪೈಪನ್ನೇ ಕಟ್ಕೊಂಡು ಅಲ್ಲೇ ಇದ್ದುಬಿಡಿ, ಮನೆಗೆ ಬರಬೇಡಿ ಅಂದುಬಿಟ್ಟೆ.”

“ಆಮೇಲೆ?”

“ಬರಲಿಲ್ಲ. ಮುನಿಸ್ಕೊಂಡಿದಾರೆ, ತಾವೇ ಬರ್ತಾರೆ ಅಂತ ನಾನೂ ಸುಮ್ಮನಿದ್ದೆ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಒಂದೇ ಒಂದು ಹೇಳಿ ಮೇಡಂ. ನನ್ನ ಮಾತಿಗೇ ಹೋದ್ರಾ?”

ಇಂಥ ಕಡೆ ಹೇಳುವ ಸಮಾಧಾನದ ಮಾತುಗಳೆಲ್ಲ ನನಗೆ ಬಾಯಿಪಾಠ. ಒಂದೂ ನಾಲಗೆಗೆ ಬರಲಿಲ್ಲ. “ಗೊತ್ತಿಲ್ಲ,” ಎಂದೆ. “ತಿಳ್ಕೊಂಡು ಬಂದು ನಾನೇ ಹೇಳ್ತೀನಿ.”

ಅವರ ತಮ್ಮ, ದಪ್ಪ ಪೈಪು ಮಾರುವ ಬಾಮೈದ, ನೀರು ತಂದ. ಇಸ್ತ್ರಿ ಮಾಡಿದ ಅಂಗಿ, ಕತ್ತರಿಸಿದ ಉಗುರು. ಗ್ರೀಸಿನ ಕೆಲಸ ಮಾಡುವವನು ಎಂದು ಹೇಳುವಂತಿರಲಿಲ್ಲ. ಅಕ್ಕನ ಕೈಗೆ ಲೋಟ ಕೊಟ್ಟು, ಮೇಜಿನ ಮೇಲೆ ಚೆಲ್ಲಿದ ನೀರನ್ನು ಬಟ್ಟೆಯಿಂದ ಒರೆಸಿದ.

“ನಿನ್ನೆ ಸಂಜೆ ಎಲ್ಲಿದ್ರಿ?”

“ನನ್ನ ಮನೆಯಲ್ಲೇ ಇದ್ದೆ ಮೇಡಂ. ಷೆಡ್ ಕಡೆ ತಲೆ ಹಾಕಲಿಲ್ಲ. ಆ ಹೊಸ ಪೈಪನ್ನ ಭಾವ ನಂಗೆ ತೋರಿಸಿರಲೂ ಇಲ್ಲ.”

* * *

ಅನುಮಾನ ಮೊದಲು ಹೋದದ್ದು ಗುಡುಗಿನ ಮೇಲೆ. ನಿನ್ನೆ ಬೆಳಗ್ಗೆ ಅವನು ನಾಲ್ಕು ಜನರ ಮುಂದೆ, “ನಾಳೆ ನಿನಗೂ ನಿನ್ನ ಪೈಪಿಗೂ ಮಣ್ಣು ಮುಕ್ಕಿಸ್ತೀನಿ,” ಎಂದು ಕೂಗಾಡಿದ್ದ. ಠಾಣೆಯಲ್ಲಿ ನನ್ನ ಮುಂದೆ ಕೂತಾಗ ಗುಡುಗೂ ಇರಲಿಲ್ಲ, ಮಿಂಚೂ ಇರಲಿಲ್ಲ.

“ಸಂಜೆ ಪೂರ್ತಿ ಮಗಳ ಶಾಲೆ ನಾಟಕಕ್ಕೆ ಹೋಗಿದ್ದೆ ಮೇಡಂ. ಅವಳದು ಮರದ ಪಾತ್ರ.”

ಶಾಲೆಗೆ ಫೋನ್ ಮಾಡಿದೆ. ಕಪ್ಪು ಕಾರನ್ನು ಗೇಟಿಗೆ ಅಡ್ಡ ನಿಲ್ಲಿಸಿದವನನ್ನು ಅವರು ಯಾರೂ ಮರೆತಿರಲಿಲ್ಲ. ನಾಟಕ ಮುಗಿದ ಮೇಲೆ ಎಲ್ಲರ ಬೈಗುಳ ತಿಂದೇ ಅಲ್ಲಿಂದ ಹೊರಟಿದ್ದನಂತೆ.

“ಪೈಪಣ್ಣ ನಿಮ್ಮ ಹತ್ರ ಕೊನೆಗೆ ಮಾತಾಡಿದ್ದು ಯಾವಾಗ?”

“ನಿನ್ನೆ ಮಧ್ಯಾಹ್ನ. ಫೋನ್ ಮಾಡಿ ಅಣಕಿಸಿದ. ಇವತ್ತಿಂದ ಕಾರಿನ ಗಾಜು ಇಳಿಸ್ಕೊಂಡೇ ಓಡಿಸು ಅಂದ. ನನ್ನ ಪೈಪಿನ ಗದ್ದಲ ನಂಗೇ ಚೆನ್ನಾಗಿ ಕೇಳಿಸ್ಬೇಕಂತೆ.”

“ಕೇಳಿಸ್ಬೇಕು ಅಂತ ಅವನು ಹೇಳಿದ್ನಾ?”

ಗುಡುಗು ಯೋಚಿಸಿದ. “ಇಲ್ಲ. ಅದು ನಾನು ಅಂದ್ಕೊಂಡಿದ್ದು.”

“ಮಗಳು ಈ ಕಾರಲ್ಲಿ ಓಡಾಡ್ತಾಳಾ?”

“ಹಿಂದೆ ಕೂತ್ರೆ ತಲೆನೋವು, ವಾಂತಿ ಬಂದ ಹಾಗಾಗುತ್ತೆ ಅಂತಾಳೆ. ಸದ್ದಿಗೆ ಇರ್ಬೇಕು.”

ಅಷ್ಟರಲ್ಲಿ ಶವಪರೀಕ್ಷೆ ಮಾಡಿದ ವೈದ್ಯೆಯ ಫೋನು ಬಂತು. ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಿದೆ. ಎಚ್ಚರ ತಪ್ಪುವಷ್ಟು ಜೋರಾದದ್ದು, ಜೀವ ಹೋಗುವಷ್ಟಲ್ಲ. ಸಾವು ನಿನ್ನೆ ಸಂಜೆ, ಹೊಗೆಯಿಂದಲೇ.

ಎಚ್ಚರ ತಪ್ಪಿದವನು ಕಾರು ಹತ್ತಿ ಕೂರುವುದಿಲ್ಲ. ಆದರೆ ಪೆಟ್ಟು ಬಿದ್ದ ಮೇಲೆ ಎದ್ದು ಬಂದು ತಾನೇ ಕೂತಿರಲೂಬಹುದು. ಇದನ್ನು ಕಾನ್‌ಸ್ಟೇಬಲ್ ಹೇಳಿದ. ಅವನ ಮಾತನ್ನು ತೆಗೆದುಹಾಕಲು ನನ್ನ ಹತ್ತಿರ ಏನೂ ಇರಲಿಲ್ಲ.

* * *

ಸಂಜೆ ಷೆಡ್ಡಿನಲ್ಲಿ ಬಿಳಿ ಕಾರನ್ನು ಮೇಲಕ್ಕೆ ಎತ್ತಿಸಿದೆ. ಹಲ್ಲಿನ ಡಾಕ್ಟರು ಕೆಳಗೆ ನಿಂತು ಟಾರ್ಚ್ ಹಿಡಿದು ಏನನ್ನೋ ಹುಡುಕಿದರು. ಮುಖ ಸಣ್ಣದಾಯಿತು.

“ನಂಗೆ ಮಾತ್ರ ಹಾಕಲಿಲ್ಲ,” ಎಂದರು.

“ಏನನ್ನ?”

“ಹೆಬ್ಬೆಟ್ಟು.”

ಅವರು ಗೋಡೆಗೆ ನೇತುಹಾಕಿದ್ದ ಹಳೆಯ ಪೈಪುಗಳನ್ನು ತೋರಿಸಿದರು. ಪ್ರತಿಯೊಂದರ ತಿರುವಿನಲ್ಲೂ ಕಂದು ಬಣ್ಣದ ಒಂದು ಹೆಬ್ಬೆಟ್ಟಿನ ಗುರುತಿತ್ತು. ಹೊಸ ಸ್ಟೀಲಿನ ಪೈಪನ್ನು ಬರಿಗೈಯಲ್ಲಿ ಮುಟ್ಟಿ ಎಂಜಿನ್ ಸ್ಟಾರ್ಟ್ ಮಾಡಿದರೆ, ಕೈಯ ಜಿಡ್ಡು ಆ ಮೊದಲ ಕಾವಿಗೆ ಸುಟ್ಟು ಅಲ್ಲೇ ಕೂತುಬಿಡುತ್ತದೆ. ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಅದಕ್ಕೇ ಉಳಿದವರೆಲ್ಲ ಒರೆಸಿ ಸ್ಟಾರ್ಟ್ ಮಾಡುತ್ತಾರೆ. ಪೈಪಣ್ಣ ಮಾತ್ರ ಬೇಕೆಂದೇ ಒತ್ತುತ್ತಿದ್ದ. ಬಳಗವೆಲ್ಲ ಸುತ್ತ ನಿಂತಿರುವಾಗ ತಿರುವಿಗೆ ಹೆಬ್ಬೆಟ್ಟು ಒತ್ತಿ, “ನಾನು ಓದು ಬರೆಹ ಇಲ್ಲದ ಹೆಬ್ಬೆಟ್ಟು ಗಿರಾಕಿ ಕಣ್ರಪ್ಪ, ಇದೇ ನನ್ನ ರುಜು,” ಎಂದು ನಗಿಸಿ, ಆಮೇಲೆ ಕೀಲಿ ತಿರುಗಿಸುತ್ತಿದ್ದ.

“ಒಂದು ಪೈಪನ್ನೂ ಬಿಟ್ಟಿದ್ದಿಲ್ವಾ?”

“ಸ್ವಂತ ಸ್ಕೂಟರನ್ನೂ ಬಿಟ್ಟಿಲ್ಲ ಮೇಡಂ.”

ನಾನು ಟಾರ್ಚ್ ಇಸಿದುಕೊಂಡೆ. ಬಿಳಿ ಕಾರಿನ ಪೈಪು ಉದ್ದಕ್ಕೂ ಒಂದೇ ಹೊಂಬಣ್ಣಕ್ಕೆ ಕಾದಿತ್ತು. ಹೆಬ್ಬೆಟ್ಟು ಹಾಗಿರಲಿ, ಜೋಡಿಸಿದ ಕೈಯ ಗುರುತೂ ಇಲ್ಲ. ಪೈಪಿನ ಬಾಲದಲ್ಲಿ, ಕಾರಿನ ಕಡೆಗೆ ತಿರುಗಿದ ಒಳಬದಿಯಲ್ಲಿ ಮಾತ್ರ, ಸಾಲಾಗಿ ನಾಲ್ಕು ಕಂದು ಕಲೆಗಳಿದ್ದವು. ಬೆರಳಚ್ಚಿನವರನ್ನು ಕರೆಸಿ, ಷೆಡ್ಡಿನಲ್ಲಿ ಓಡಾಡುವ ಎಲ್ಲರ ಬೆರಳಚ್ಚೂ ತೆಗೆಸಿದೆ.

* * *

ಮರುದಿನ ಎಲ್ಲರನ್ನೂ ಷೆಡ್ಡಿಗೆ ಬರಹೇಳಿದೆ. ಮೊದಲು ಗುಡುಗಿನ ಕಾರನ್ನು ಎತ್ತಿಸಿದೆ. ಹಿಂದಿನ ಸೀಟಿನ ಕೆಳಗೆ, ದಪ್ಪ ಪೈಪಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ಸುತ್ತ ಮಸಿ ಹಿಡಿದಿತ್ತು.

“ಇದು ಪೈಪಣ್ಣನ ಕಣ್ಣಿಗೆ ಬಿದ್ದಿತ್ತು,” ಎಂದೆ. “ಗಾಜು ಇಳಿಸ್ಕೊಂಡು ಓಡಿಸು ಅಂದದ್ದು ಅಣಕ ಅಲ್ಲ. ಹೊಗೆ ಒಳಗೆ ಬರ್ತಿದೆ, ಮಗು ಉಸಿರಾಡ್ಲಿ ಅಂತ.”

ಗುಡುಗು ಬಿರುಕಿನ ಮಸಿಯನ್ನು ಬೆರಳಿಂದ ಮುಟ್ಟಿ ನೋಡಿದ.

ಶೆಲ್ಫಿನಲ್ಲಿದ್ದ, ಇನ್ನೂ ಬಳಸದ ಒಂದು ಸ್ಕೂಟರ್ ಪೈಪನ್ನು ಬಾಮೈದನ ಕೈಗೆ ಕೊಟ್ಟೆ. “ಈ ಕೆಲಸ ನಂಗೆ ಗೊತ್ತಾಗಲ್ಲ. ನಿಮ್ಮ ಭಾವನ ಸ್ಕೂಟರಿಗೆ ಇದನ್ನ ಜೋಡಿಸಿ ಸ್ಟಾರ್ಟ್ ಮಾಡಿ ತೋರಿಸಿ.”

ಅವನು ಮಂಡಿಯೂರಿ ಕೂತ. ಬೋಲ್ಟು ಬಿಗಿದ. ಹಿಂದಿನ ಜೇಬಿನಿಂದ ಬಟ್ಟೆ ತೆಗೆದು ತಿನ್ನರಿನಲ್ಲಿ ಅದ್ದಿ, ಪೈಪನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿದ. ಬಟ್ಟೆ ಮಡಿಸಿ ಜೇಬಿಗಿಟ್ಟುಕೊಂಡ. ಏಳುವಾಗ ಆಸರೆಗೆ ಪೈಪಿನ ಬಾಲವನ್ನು ಹಿಡಿದ. ನಾಲ್ಕು ಬೆರಳು ಒಳಬದಿಗೆ ಬಂದವು.

ಎಲ್ಲರ ಕಣ್ಣೂ ಆ ಬೆರಳುಗಳ ಮೇಲೆ ಬಿತ್ತು. ಅವನೂ ತನ್ನ ಕೈಯನ್ನೇ ನೋಡಿಕೊಂಡ.

“ಬಿಳಿ ಕಾರಿನ ಪೈಪು ಮೊದಲ ಸಲ ಕಾದಾಗ ಪೈಪಣ್ಣನ ಹೆಬ್ಬೆಟ್ಟು ಅದರ ಮೇಲೆ ಇರಲಿಲ್ಲ,” ಎಂದೆ. “ಅಂದ್ರೆ ಕೀಲಿ ತಿರುಗಿಸಿದ್ದು ಅವನಲ್ಲ. ಬೇರೆ ಯಾರೋ ಪೈಪನ್ನ ಪೂರ್ತಿ ಒರೆಸಿ, ನಾಲ್ಕು ಬೆರಳು ಊರಿ ಎದ್ದು, ಆಮೇಲೆ ಸ್ಟಾರ್ಟ್ ಮಾಡಿದ್ದಾರೆ. ಒರೆಸೋಕೆ ಮುಂಚಿನ ಗುರುತಾಗಿದ್ರೆ ಅಳಿಸಿಹೋಗ್ತಿತ್ತು. ಕಾದ ಮೇಲಿನದಾಗಿದ್ರೆ ಹೀಗೆ ಸುಟ್ಟು ಕೂರ್ತಿರಲಿಲ್ಲ. ಆ ಪೈಪು ನೋಡೇ ಇಲ್ಲ ಅಂದ್ರಿ. ಬೆರಳಚ್ಚಿನವರು ಅದು ನಿಮ್ಮ ಬೆರಳು ಅಂತಾರೆ.”

ಅವನು ಓಡಲಿಲ್ಲ. ಸ್ಕೂಟರಿನ ಪಕ್ಕದಲ್ಲೇ ಕೂತ.

“ಎಲ್ಲಾ ಪೈಪು ವಾಪಸ್ ತಗೋ ಅಂದ್ರು. ಬೆಳಗ್ಗೆ ಎಲ್ಲರ ಮುಂದೆ ಹೇಳ್ತೀನಿ ಅಂದ್ರು. ಬೇಡ ಭಾವ, ತಲೆ ಎತ್ಕೊಂಡು ತಿರುಗೋ ಹಾಗಿರಲ್ಲ ಅಂತ ಕಾಲು ಹಿಡ್ಕೊಂಡೆ. ಮಗು ಕೂರೋ ಕಾರು ಕಣೋ ಅಂದ್ರು. ತಳ್ಳಿದೆ. ತಲೆ ಕಾರು ಎತ್ತೋ ಜಾಕಿಗೆ ಬಡೀತು. ಹೋಗೇಬಿಟ್ರು ಅಂದ್ಕೊಂಡು... ಕಾರಲ್ಲಿ ಕೂರಿಸಿದೆ.”

“ಹೋಗಿರಲಿಲ್ಲ,” ಎಂದೆ. “ಕೂರಿಸಿದಾಗ ಉಸಿರಿತ್ತು.”

ಅವನ ಬಾಯಿ ತೆರೆದೇ ಇತ್ತು. ನಾನು ಕೇಳಿದೆ. “ಪೈಪು ಯಾಕೆ ಒರೆಸಿದ್ರಿ?”

“ಗೊತ್ತಿಲ್ಲ,” ಎಂದ. “ಹೊಸ ಪೈಪು. ಕಲೆ ಆಗುತ್ತಲ್ಲ.”

* * *

ಕೊಟ್ಟ ಮಾತಿನಂತೆ ನಾನೇ ಹೋದೆ. ಪೈಪಣ್ಣನ ಹೆಂಡತಿ ಅದೇ ಸ್ಟೂಲಿನ ಮೇಲಿದ್ದರು.

“ಅವರಾಗೇ ಹೋಗಲಿಲ್ಲ,” ಎಂದೆ. “ನಿಮ್ಮ ಮಾತಿಗೂ ಹೋಗಲಿಲ್ಲ. ಆ ಕಾರು ಸ್ಟಾರ್ಟ್ ಮಾಡಿದ್ದು ಅವರಲ್ಲ.”

ಅವರು ಕಣ್ಣು ಮುಚ್ಚಿಕೊಂಡರು. ಭುಜ ಕೆಳಗಿಳಿಯಿತು. ಅಷ್ಟಕ್ಕೇ ನಿಲ್ಲಿಸುವ ಹಾಗಿದ್ದರೆ ನಿಲ್ಲಿಸುತ್ತಿದ್ದೆ.

“ಯಾರು?”

ಹೇಳಿದೆ. ಹೇಗೆ ಗೊತ್ತಾಯಿತು ಎಂಬುದನ್ನೂ ಹೇಳಿದೆ. ಅವರು ಎದ್ದು ಹೋಗಿ ಸಿಂಕಿನಲ್ಲಿದ್ದ ಎರಡು ಲೋಟ ತೊಳೆದರು. ಒಂದೊಂದನ್ನೇ ಒರೆಸಿ ಬೋರಲು ಹಾಕಿದರು.

“ಅಮ್ಮ ಇರಲಿಲ್ಲ. ಅವನನ್ನ ನಾನೇ ಬೆಳೆಸಿದ್ದು,” ಎಂದರು, ಬೆನ್ನು ತಿರುಗಿಸಿಕೊಂಡೇ. “ಏನು ಮುಟ್ಟಿದ್ರೂ ಒರೆಸಿಡೋ ಅಂತ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದೆ.”

ಆಮೇಲೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನೋಡಿದರು. ಅದನ್ನು ಎಲ್ಲಿಡಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ನಾನು ಹತ್ತಿರ ಹೋಗಿ ಅವರ ಕೈಯಿಂದ ಅದನ್ನು ಇಸಿದುಕೊಂಡೆ.