ನಮ್ಮ ಪಾಲಿಗೆ ಬಂದ ಉಲ್ಕೆ

ನಂಬುವವರು ನಂಬಿ, ಬಿಡುವವರು ಬಿಡಿ. ಆಕಾಶದಿಂದ ಬಂದ ಆ ಕಲ್ಲು ನನ್ನ ವಾರಗಿತ್ತಿಯ ಮನೆಯ ಹೆಂಚಿಗೆ ಬಡಿದು, ಉರುಳಿ, ನಮ್ಮ ಹಿತ್ತಿಲಿಗೆ ಬಿತ್ತು. ಎರಡೂ ಮನೆಗೆ ನಡುಗೋಡೆ ಒಂದೇ. ಕಲ್ಲು ಯಾರದೆಂದು ಕೋರ್ಟಿಗೆ ಹೋದೆವು. ತೀರ್ಪು ಬರುವವರೆಗೆ ಒಂದೊಂದು ತಿಂಗಳು ಒಬ್ಬೊಬ್ಬರ ಮನೆಯಲ್ಲಿರಲಿ ಎಂದರು ನ್ಯಾಯಾಧೀಶರು.

ನಮ್ಮಲ್ಲಿದ್ದಾಗ ಅದು ಹೆಣದಂತೆ ತಣ್ಣಗಿರುತ್ತಿತ್ತು. ಅವಳ ಮನೆಯಿಂದ ತರಲು ಹೋದ ದಿನ ಮುಟ್ಟಿದರೆ, ನಿದ್ದೆಯಿಂದ ಆಗಷ್ಟೇ ಎದ್ದ ಮಗುವಿನ ಕೆನ್ನೆಯ ಹಾಗೆ ಬೆಚ್ಚಗಿತ್ತು.

"ಒಲೆ ಹತ್ರ ಇಟ್ಟಿದ್ಯೇನೇ?" ಎಂದೆ.

"ಇಲ್ಲಕ್ಕ, ಅದಿರೋದೇ ಹಾಗೆ. ನಿಮ್ಮನೇಲಿ ಹಾಗಿರಲ್ವಾ?"

ಹೊಟ್ಟೆ ಉರಿದುಹೋಯಿತು. ಅವಳ ಹೊಸಿಲು ದಾಟುವಷ್ಟರಲ್ಲಿ ಕಲ್ಲು ನನ್ನ ಕೈಯಲ್ಲೇ ತಣ್ಣಗಾಯಿತು.

ಕೊನೆಗೆ ನಾವೇ ಗೆದ್ದೆವು. "ಬಡಿದ ಜಾಗ ಅಲ್ಲಮ್ಮ, ಬಂದು ನಿಂತ ಜಾಗ ಮುಖ್ಯ," ಎಂದು ನಮ್ಮ ವಕೀಲರು ಬೀಗಿದರು. ವಾರಗಿತ್ತಿ ಕಲ್ಲು ಒಪ್ಪಿಸಿ, ಮನೆಗೆ ಬೀಗ ಜಡಿದು, ಮೈದುನನ ಜೊತೆ ಬೇರೆ ಊರು ಸೇರಿದಳು.

ಈಗ ಕಲ್ಲು ನಮ್ಮ ಗಾಜಿನ ಕಪಾಟಿನಲ್ಲಿದೆ. ಸೆಕೆಗಾಲದಲ್ಲೂ ಗಾಜು ಮಂಜಾಗುತ್ತದೆ. ಆದರೆ ಅವಳು ಕಲ್ಲನ್ನಿಡುತ್ತಿದ್ದ ಮೂಲೆಗೆ ಸರಿಯಾಗಿ, ನಡುಗೋಡೆಯಲ್ಲಿ ತಟ್ಟೆಯಗಲ ಜಾಗ ಸದಾ ಬೆಚ್ಚಗಿರುತ್ತದೆ. ಕಿಟಕಿಯಿಂದ ಆ ಮನೆಯೊಳಗೆ ಇಣುಕಿದ್ದೇನೆ. ಬರೀ ನೆಲ, ಧೂಳು. ನಮ್ಮ ಬೆಕ್ಕು ಆ ಗೋಡೆಗೇ ಒತ್ತಿಕೊಂಡು ಮಲಗುತ್ತದೆ. ಈಚೆಗೆ ನಮ್ಮ ಯಜಮಾನರೂ ಅಲ್ಲಿಗೇ ಬೆನ್ನು ಕೊಟ್ಟು ಕೂರುತ್ತಾರೆ.

"ಏಳ್ರೀ, ಊಟಕ್ಕೆ," ಎಂದೆ ನಿನ್ನೆ.

"ಇರೇ, ಇಲ್ಲಿ ಹಾಯಾಗಿದೆ."

ಕೈ ಹಿಡಿದು ಎಬ್ಬಿಸಹೋದೆ. ಅವರ ಕೈ ಬೆಚ್ಚಗಿತ್ತು. ನಾನು ಹಿಡಿದದ್ದೇ ತಡ, ತಣ್ಣಗಾಯಿತು.